ಲ್ಯಾಟರಲ್ ಎಂಟ್ರಿ ಹುಡುಗರು

ನಾವು ಬಿಇ ಎರಡನೇ ವರ್ಷಕ್ಕೆ ಬಂದಾಗ ಕ್ಲಾಸಿಗೆ ಆರು ಜನ ಹೊಸಬರು ಸೇರಿಕೊಂಡರು. ಅವತ್ತಿಂದ ಅವರ ಹೆಸರು "ಡಿಪ್ಲೊಮಾದೋರು". ಹಾಜರಿ ಪುಸ್ತಕದಲ್ಲೂ ಕೊನೆಗೆ, ಬೆಂಚಲ್ಲೂ ಕೊನೆಗೆ.

ಎಸ್ಸೆಸ್ಸೆಲ್ಸಿ ಆದ್ಮೇಲೆ ಮೂರು ವರ್ಷ ಪಾಲಿಟೆಕ್ನಿಕ್, ಆಮೇಲೆ ಡಿಸಿಇಟಿ ಬರೆದು ಸೀದಾ ಮೂರನೇ ಸೆಮಿಸ್ಟರ್. ಲ್ಯಾಬಲ್ಲಿ ನಾವು ಬ್ರೆಡ್‌ಬೋರ್ಡ್ ಹಿಡಿದು ತಡಕಾಡ್ತಿದ್ರೆ ಅವರ ಸರ್ಕ್ಯೂಟ್ ಆಗಲೇ ಔಟ್‌ಪುಟ್ ಕೊಡ್ತಿತ್ತು. ಮ್ಯಾಥ್ಸ್ ಕ್ಲಾಸಲ್ಲಿ ಮಾತ್ರ ಅವರ ಪಾಡು ಬೇಡ. ವಿಟಿಯುನಲ್ಲಿ ಅವರಿಗೆ ಮೂರು, ನಾಲ್ಕನೇ ಸೆಮಿಸ್ಟರುಗಳಲ್ಲಿ ಒಂದೊಂದು ಮ್ಯಾಥ್ಸ್ ಪೇಪರ್ ನಮಗಿಂತ ಹೆಚ್ಚು!

ಅವರಲ್ಲೊಬ್ಬ ನನ್ನ ರೂಮ್‌ಮೇಟ್. ಐಟಿಐ ಮುಗಿಸಿ ಡಿಪ್ಲೊಮಾ ಎರಡನೇ ವರ್ಷಕ್ಕೆ, ಅಲ್ಲಿಂದ ಬಿಇ ಎರಡನೇ ವರ್ಷಕ್ಕೆ ಬಂದವನು. ಅವರಪ್ಪ ಹಾಸನದ ಕಡೆ ಪಂಪ್‌ಸೆಟ್ ರಿಪೇರಿ ಮಾಡ್ತಾರೆ. ಐಟಿಐ ಓದಿದವನೂ ಇಂಜಿನಿಯರ್ ಆಗಬಹುದು ಅಂತ ಅವನಿಗೆ ಗೊತ್ತಾಗಿದ್ದು ಬಸ್ಸಲ್ಲಿ ಪಕ್ಕ ಕೂತಿದ್ದ ಲೆಕ್ಚರರ್ ಒಬ್ಬರಿಂದ. ಆ ಬಸ್ ತಪ್ಪಿದ್ದಿದ್ರೆ?

ಇಷ್ಟು ದಾಟಿ ಬಂದವನು ಸಿಕ್ಕಿಹಾಕಿಕೊಂಡಿದ್ದು ಕ್ಯಾಂಪಸ್ ಇಂಟರ್‌ವ್ಯೂನಲ್ಲಿ. ಕಂಪನಿಯೊಂದರ ಆನ್‌ಲೈನ್ ಫಾರ್ಮಲ್ಲಿ ಪಿಯುಸಿ ಪರ್ಸೆಂಟೇಜ್ ತುಂಬದೆ ಮುಂದಿನ ಪುಟ ತೆರೆಯೋದಿಲ್ಲ. ಡಿಪ್ಲೊಮಾಗೆ ಕಾಲಮ್ಮೇ ಇಲ್ಲ. ಅವರಿಗೆ ಮೇಲ್ ಮಾಡಿದ, ಉತ್ತರ ಬರಲಿಲ್ಲ. ಪರೀಕ್ಷೆ ಬರೆಯೋಕೂ ಆಗಲಿಲ್ಲ. ಅವನ ಸಿಜಿಪಿಎ ನನಗಿಂತ ಜಾಸ್ತಿ ಇತ್ತು ಮಾರಾಯ್ರೆ.

ಕೆಲಸ ಸಿಕ್ತು ಬಿಡಿ, ಎಂಟು ತಿಂಗಳು ತಡವಾಗಿ. ಆ ಎಂಟು ತಿಂಗಳೂ ಎಜುಕೇಶನ್ ಲೋನಿನ ಬಡ್ಡಿ ಓಡ್ತಾನೇ ಇತ್ತು.

ಬಾಗಿಲುಗಳೇನೋ ಹೆಚ್ಚುತ್ತಿವೆ. 2023ರಲ್ಲಿ ಎಐಸಿಟಿಇ, ಕನಿಷ್ಠ 1 ವರ್ಷ ಕೆಲಸ ಮಾಡಿದ ಡಿಪ್ಲೊಮಾದವರು ಕೆಲಸ ಬಿಡದೆಯೇ ಬಿಇ ಓದೋಕೆ ದಾರಿ ಮಾಡಿಕೊಟ್ಟಿತು. ಸಂತೋಷ. ಆದ್ರೆ ಬಾಗಿಲು ಇರೋದು ಹಳ್ಳಿಯ ಹುಡುಗನಿಗೆ ಗೊತ್ತಾಗಬೇಕು, ಒಳಗೆ ಬಂದವನನ್ನ ಕೊನೆಯಲ್ಲಿ ಒಂದು ಫಾರ್ಮು ಆಚೆ ದಬ್ಬಬಾರದು. ಸರ್ಕಾರ ಕೊಟ್ಟ ದಾರಿಯನ್ನ ಒಂದು ಖಾಲಿ ಕಾಲಮ್ ಮುಚ್ಚಿಬಿಡತ್ತೆ ಅಂದ್ರೆ ಏನು ಹೇಳೋದು?

ಇಂಥ ಫಾರ್ಮುಗಳನ್ನ ಬರೆಯೋರು ನಮ್ಮಂಥ ಸಾಫ್ಟ್‌ವೇರ್ ಮಂದಿಯೇ ತಾನೆ? "ಪಿಯುಸಿ ಅಥವಾ ಡಿಪ್ಲೊಮಾ" ಅಂತ ಬರೆಯೋಕೆ ಐದು ನಿಮಿಷ ಸಾಕು. ನಿಮ್ಮ ಆಫೀಸಿನ ಫಾರ್ಮ್ ಹೇಗಿದೆ, ನಾಳೆ ಒಮ್ಮೆ ನೋಡ್ತೀರಾ?