ಗಾಳಿ ಹೋದರೂ ಓಡುವ ಗಾಲಿ

ಮನುಷ್ಯನು ಬಳಸುವ ಸಾಧನಗಳಲ್ಲಿ ಎರಡು ಬಗೆಗಳುಂಟು. ಕೆಡುವದಕ್ಕೆ ಮೊದಲೇ ಒಡೆಯನಿಗೆ ಸುದ್ದಿ ಮುಟ್ಟಿಸುವವು ಒಂದು ಬಗೆ. ಕೆಟ್ಟ ಮೇಲೆಯೂ ಏನೂ ಆಗಿಲ್ಲವೆಂಬಂತೆ ಕೆಲಸ ಮಾಡುತ್ತಲೇ ಇರುವವು ಇನ್ನೊಂದು ಬಗೆ. ಚಕ್ಕಡಿಯ ಗಾಲಿಯು ಮೊದಲನೆಯ ಬಗೆಗೆ ಸೇರಿದುದು. ಬೇಸಿಗೆಯ ಒಣ ಹವೆಗೆ ಕಟ್ಟಿಗೆ ಕುಗ್ಗಿ, ಸುತ್ತಲಿನ ಕಬ್ಬಿಣದ ಪಟ್ಟಿ ಸಡಿಲಾಯಿತೆಂದರೆ, ಹೊಲದಿಂದ ಮನೆ ಮುಟ್ಟುವ ವರೆಗೆ ಅದು ಗಡಗಡ ಸಪ್ಪಳ ಮಾಡಿ ಊರಿಗೆಲ್ಲ ದೂರು ಹೇಳುವದು. ಒಕ್ಕಲಿಗನಿಗೆ ಕಮ್ಮಾರನ ಬಾಗಿಲಿಗೆ ಹೋಗದೆ ಗತ್ಯಂತರವಿಲ್ಲ. ಎರಡನೆಯ ಬಗೆಯ ಸಾಧನಗಳು ಸುಖವನ್ನೇನೋ ಹೆಚ್ಚಿಸುವವು. ಆದರೆ ಅವುಗಳನ್ನು ಯಾವಾಗ ಬದಲಿಸಬೇಕೆಂಬ ನಿರ್ಣಯದ ಭಾರವನ್ನು ಒಡೆಯನ ವಿವೇಕದ ಮೇಲೆಯೇ ಹೊರಿಸಿಬಿಡುವವು. ಇತ್ತೀಚಿನ ಕೆಲವು ಹೊಸ ಕಾರುಗಳಿಗೆ ಬರುವ ‘ರನ್‌ಫ್ಲ್ಯಾಟ್’ ಎಂಬ ಟೈರು ಇಂತಹದೊಂದು ಸಾಧನ.

ಗಾಳಿ ತುಂಬಿದ ಟೈರಿನ ಇತಿಹಾಸವು ಬಹಳ ಹಳೆಯದಲ್ಲ. ೧೮೪೫ರಲ್ಲಿ ರಾಬರ್ಟ್ ವಿಲಿಯಂ ಥಾಮ್ಸನ್ ಎಂಬ ಸ್ಕಾಟ್ಲಂಡದ ಗೃಹಸ್ಥನು ಅದರ ಹಕ್ಕುಪತ್ರವನ್ನು ಪಡೆದಿದ್ದನು. ಆದರೆ ಜನರು ಅದನ್ನು ಮರೆತರು. ಮುಂದೆ ೧೮೮೭ರಲ್ಲಿ ಬೆಲ್‌ಫಾಸ್ಟಿನಲ್ಲಿದ್ದ ಜಾನ್ ಬಾಯ್ಡ್ ಡನ್ಲಪ್ ಎಂಬ ದನಗಳ ವೈದ್ಯನು ತನ್ನ ಮಗನ ಮೂರು ಗಾಲಿಯ ಸೈಕಲ್ಲಿಗಾಗಿ ಅದನ್ನು ಮತ್ತೆ ಕಂಡುಹಿಡಿದನು. ಅಂದಿನಿಂದ ಲೋಕದ ಭಾರವೆಲ್ಲ ಗಾಳಿಯ ಮೇಲೆ ಕುಳಿತಿತು. ಅದರ ಸಂಗಡ ಮೊಳೆಯ ಭಯವೂ ಬಂದಿತು. ಈ ಭಯವನ್ನು ಕಳೆಯಲೆಂದು ೧೯೭೦ರ ದಶಕದ ಆರಂಭದಲ್ಲಿ ಡನ್ಲಪ್ ಕಂಪನಿಯೇ ‘ಡೆನೋವೊ’ ಎಂಬ ಟೈರನ್ನು ಹೊರತಂದಿತು. ಇಂದು ಬಳಕೆಯಲ್ಲಿರುವ ರನ್‌ಫ್ಲ್ಯಾಟಿನ ಮರ್ಮವು ಅದರ ಪಕ್ಕದ ಗೋಡೆಯಲ್ಲಿದೆ. ಸಾಮಾನ್ಯ ಟೈರಿನ ಪಕ್ಕವು ತೆಳ್ಳಗೆ ಮಡಚುವಂತಹದು. ಗಾಳಿ ಹೋದೊಡನೆ ಕುಸಿದು ಕೂಡುವದು. ಇದರ ಪಕ್ಕವಾದರೋ ದಪ್ಪ ರಬ್ಬರಿನಿಂದ ಬಲಗೊಂಡಿರುವದರಿಂದ ಗಾಳಿಯಿಲ್ಲದೆಯೇ ಕೆಲಕಾಲ ಕಾರಿನ ಭಾರವನ್ನು ಹೊರಬಲ್ಲದು. ೧೬೫೬ರ ಸುಮಾರಿಗೆ ಮುಗಿದ ಗೋಲಗುಮ್ಮಟವು ನಡುವೆ ಒಂದು ಕಂಬವೂ ಇಲ್ಲದೆ ತನ್ನ ಗೋಡೆ-ಕಮಾನುಗಳ ಬಲದಿಂದಲೇ ನಿಂತಿರುವದನ್ನು ಕಂಡ ವಿಜಯಪುರದವರಿಗೆ ಈ ಮಾತು ತಿಳಿಯುವದು ಕಷ್ಟವಲ್ಲ. ಭೇದವಿಷ್ಟೇ: ಗುಮ್ಮಟದ ಕಲ್ಲು ನಿಂತಲ್ಲಿ ನಿಂತಿರುವದು, ಟೈರಿನ ಪಕ್ಕವು ಪ್ರತಿಯೊಂದು ಸುತ್ತಿಗೂ ಬಾಗಿ, ಏಳುತ್ತ, ತನ್ನ ಬಾಗುವಿಕೆಯಿಂದಲೇ ಕಾಯುತ್ತ ಒಳಗೊಳಗೆ ಸಾಯುವದು. ಆದುದರಿಂದಲೇ ಗಾಳಿ ಹೋದ ಮೇಲೆ ತಾಸಿಗೆ ೮೦ ಕಿಲೋಮೀಟರು ಮೀರದ ವೇಗದಿಂದ ಸುಮಾರು ೮೦ ಕಿಲೋಮೀಟರು ಮಾತ್ರ ಹೋಗಬಹುದೆಂದು ತಯಾರಕರು ಸಾಮಾನ್ಯವಾಗಿ ಮಿತಿ ಹಾಕಿರುವರು.

ಗಾಂಧಿ ಚೌಕದ ಒಬ್ಬ ಅರಿವೆಯ ವ್ಯಾಪಾರಸ್ಥರು ೨೦೨೨ರ ದೀಪಾವಳಿ ಪಾಡ್ಯದ ದಿವಸ ಇಂತಹ ಟೈರುಗಳುಳ್ಳ ಹೊಸ ಕಾರನ್ನು ಮನೆಗೆ ತಂದರು. ಶೋಕಿಗಾಗಿ ತಂದುದಲ್ಲ. ಎಂಬತ್ತು ದಾಟಿದ ತಾಯಿಯನ್ನು ಮೂರು ವಾರಗಳಿಗೊಮ್ಮೆ ಔಷಧೋಪಚಾರಕ್ಕಾಗಿ ಸೊಲ್ಲಾಪುರಕ್ಕೆ ಕರೆದೊಯ್ಯಬೇಕಾಗಿದ್ದಿತು. ಹೋಗಲು ನೂರು, ಬರಲು ನೂರು ಕಿಲೋಮೀಟರು. ಎಷ್ಟೋ ಸಲ ತಿರುಗಿ ಬರುವಾಗ ರಾತ್ರಿಯಾಗುವದು. ರಾಷ್ಟ್ರೀಯ ಹೆದ್ದಾರಿ ೫೨ರ ಬದಿಗೆ ಕತ್ತಲೆಯಲ್ಲಿ ಬೇನೆಯ ಮುದುಕಿಯನ್ನು ಕೂಡ್ರಿಸಿಕೊಂಡು ಗಾಲಿ ಬಿಚ್ಚುವ ಪ್ರಸಂಗ ಬರಬಾರದೆಂಬ ಒಂದೇ ಕಾರಣಕ್ಕೆ ಅವರು ಈ ಟೈರಿಗೆ ಮನಸೋತಿದ್ದರು. ಕಾರಿನಲ್ಲಿ ಹೆಚ್ಚಿನ ಗಾಲಿ ಇರಲಿಲ್ಲ. ಗಾಳಿಯ ಒತ್ತಡವನ್ನು ತಿಳಿಸುವ ಯಂತ್ರವೂ, ತೂತು ಮುಚ್ಚುವ ಸಾಮಾನೂ ಇದ್ದ ಟ್ಯೂಬಿಲ್ಲದ ಟೈರಿನ ಕಾರುಗಳಿಗೆ ಹೆಚ್ಚಿನ ಗಾಲಿ ಕಡ್ಡಾಯವಲ್ಲವೆಂದು ಭಾರತ ಸರಕಾರವು ೨೦೨೦ರಲ್ಲಿಯೇ ನಿಯಮವನ್ನು ತಿದ್ದಿದ್ದಿತು.

ಎರಡೂವರೆ ವರ್ಷ ಸುಖವಾಗಿ ನಡೆಯಿತು. ೨೦೨೫ರ ಮಿರಗದ ಮಳೆಯ ದಿನಗಳಲ್ಲಿ, ಸೊಲ್ಲಾಪುರದಿಂದ ತಿರುಗುವಾಗ, ಹೊರ್ತಿಯ ಸಮೀಪ ಕಾರಿನ ಫಲಕದಲ್ಲಿ ಹಳದಿ ದೀಪವೊಂದು ಹತ್ತಿತು. ಇಳಿದು ನೋಡಿದರೆ ನಾಲ್ಕೂ ಗಾಲಿಗಳು ದುಂಡಗೆ ನಿಂತಿದ್ದವು. ದೀಪವಿರದಿದ್ದರೆ ಗಾಳಿ ಹೋದ ಸಂಗತಿಯೇ ತಿಳಿಯುತ್ತಿರಲಿಲ್ಲ. ಈ ಬಗೆಯ ಟೈರಿಗೆ ಒತ್ತಡ ತೋರಿಸುವ ಯಂತ್ರವು ಬೇಕೇ ಬೇಕೆಂದು ತಯಾರಕರು ಹೇಳುವದರ ಕಾರಣ ಇದೇ. ಸಾಹುಕಾರರು ವೇಗವನ್ನು ಐವತ್ತಕ್ಕಿಳಿಸಿ, ಉಳಿದ ದಾರಿಯನ್ನು ಸಾವಕಾಶವಾಗಿ ಕಳೆದು ಮನೆ ಮುಟ್ಟಿದರು. ತಾಯಿಗೆ ನಡುವೆ ಎಚ್ಚರವೂ ಆಗಲಿಲ್ಲ. ಟೈರು ತನ್ನ ಮಾತನ್ನು ಉಳಿಸಿಕೊಂಡಿತು.

ಮರುದಿನ ಮುಂಜಾನೆ ಪಂಕ್ಚರಿನ ಅಂಗಡಿಯಲ್ಲಿ ಮುಂದಿನ ಎಡಗಾಲಿಯಿಂದ ಎರಡು ಇಂಚಿನ ಮೊಳೆ ಹೊರಬಿದ್ದಿತು. ಅದಕ್ಕೊಂದು ಬತ್ತಿ ಹಾಕಿದರೆ ಕೆಲಸ ಮುಗಿಯಿತೆಂದು ಸಾಹುಕಾರರ ಎಣಿಕೆ. ಆದರೆ ಮುದುಕ ಮಿಸ್ತ್ರಿಯು ಮೊಳೆಯ ಕಡೆಗೆ ನೋಡದೆ, “ಗಾಳಿ ಹೋದ ಮ್ಯಾಲೆ ಎಷ್ಟು ದೂರ ಬಂದ್ರಿ, ಸಾಹುಕಾರ್ರ?” ಎಂದು ಕೇಳಿದನು. “ಹೊರ್ತಿಯಿಂದ ಬಂದೀನಿ, ಚಾಚಾ” ಎಂದರು. ಆತನು ಮಾತನಾಡದೆ ಟೈರನ್ನು ಬಿಚ್ಚಿ, ಒಳಗೆ ಕೈಯಾಡಿಸಿ, ಅಂಗೈಯನ್ನು ಮುಂದೆ ಹಿಡಿದನು. ಕರಿಯ ರಬ್ಬರಿನ ಸಣ್ಣ ಹಿಟ್ಟು ಹತ್ತಿದ್ದಿತು. “ಹೊರಗ ಚಂದ ಐತ್ರಿ, ಒಳಗ ಅರದೈತಿ. ಇದಕ್ಕ ಬತ್ತಿ ಹಾಕಿ ರೊಕ್ಕ ತಗೊಂಡ್ರ ನನಗ ನಿದ್ದಿ ಹತ್ತೂದಿಲ್ಲ” ಎಂದನು. ಗಾಳಿಯಿಲ್ಲದೆ ಓಡಿದ ರನ್‌ಫ್ಲ್ಯಾಟಿನ ಒಳಪಕ್ಕಕ್ಕೆ ಎಷ್ಟು ಪೆಟ್ಟು ಬಿದ್ದಿದೆಯೆಂಬುದು ಹೊರಗಿನಿಂದ ತಿಳಿಯದು; ಆದುದರಿಂದ ಅಂತಹುದನ್ನು ದುರಸ್ತಿ ಮಾಡದೆ ಬದಲಿಸುವದೇ ಲೇಸೆಂದು ಅನೇಕ ತಯಾರಕರ ಸಲಹೆಯೂ ಇರುವದು. ಓದಿ ತಿಳಿಯಬೇಕಾದುದನ್ನು ಆ ಮುದುಕನು ಬೆರಳ ತುದಿಯಿಂದ ತಿಳಿದಿದ್ದನು.

ಹೀಗೆ ಒಂದು ಟೈರಿನ ಮಾತು ತೀರಿತು. ನಿಜವಾದ ತೊಡಕು ಉಳಿದ ಮೂರರದು. ಮಿಸ್ತ್ರಿಯು ಒಂದನ್ನೇ ಹಾಕಿಸಿರೆಂದನು. ಕಾರು ಮಾರಿದ ಅಂಗಡಿಯವರು ಫೋನಿನಲ್ಲಿ ನಾಲ್ಕನ್ನೂ ಬದಲಿಸಿರೆಂದರು. ಅದರ ಬೆಲೆ ಲಕ್ಷ ರೂಪಾಯಿಯ ಹತ್ತಿರ ಹೋಗುತ್ತಿದ್ದಿತು. ಒಬ್ಬನಿಗೆ ಗಿರಾಕಿಯ ಖರ್ಚಿನ ಮರುಕ, ಇನ್ನೊಬ್ಬರಿಗೆ ತಮ್ಮ ವ್ಯಾಪಾರದ ಲಾಭ. ಸತ್ಯವು ಎಲ್ಲಿಯೋ ನಡುವೆ ಇರಬೇಕೆಂದು ಸಾಹುಕಾರರು ತಾವೇ ಅಳೆಯಲು ಕುಳಿತರು. ಅರಿವೆಯನ್ನು ಅಳೆದು ಮಾರಿದ ಕೈಗೆ ಅಳತೆಯ ಮೇಲೆ ನಂಬಿಗೆ ಹೆಚ್ಚು.

ಟೈರಿನ ಆಯುಷ್ಯಕ್ಕೆ ಎರಡು ಲೆಕ್ಕಗಳಿವೆ, ಸವೆತದ್ದೊಂದು, ವಯಸ್ಸಿನದೊಂದು. ವಯಸ್ಸನ್ನು ಟೈರಿನ ಪಕ್ಕದ ಮೇಲೆ ನಾಲ್ಕು ಅಂಕೆಗಳಲ್ಲಿ ಅಚ್ಚೊತ್ತಿರುವರು. ಅವರ ಟೈರಿನ ಮೇಲೆ ‘೧೮೨೨’ ಎಂದಿದ್ದಿತು. ಇದೇನು, ಸಾತಾರದ ಮಹಾರಾಜರು ಈ ಊರನ್ನಾಳುತ್ತಿದ್ದ ಕಾಲದ ಟೈರೇ ಎಂದು ಸಾಹುಕಾರರು ನಕ್ಕರು. ಮೊದಲಿನ ಎರಡು ಅಂಕೆ ವಾರ, ಕಡೆಯ ಎರಡು ವರ್ಷ; ಅಂದರೆ ೨೦೨೨ರ ಹದಿನೆಂಟನೆಯ ವಾರದಲ್ಲಿ ಆದ ಟೈರು. ಕಾರು ಮನೆಗೆ ಬರುವದಕ್ಕಿಂತ ಐದಾರು ತಿಂಗಳು ಮೊದಲೇ ಅದರ ವಯಸ್ಸಿನ ಎಣಿಕೆ ಆರಂಭವಾಗಿದ್ದಿತು. ಓಡಲಿ, ನಿಲ್ಲಲಿ, ರಬ್ಬರು ಬಿಸಿಲಿಗೂ ಗಾಳಿಗೂ ಬಿರುಸಾಗುತ್ತ ಹೋಗುವದು. ಅದಕ್ಕಾಗಿ ಐದು ವರ್ಷಗಳಾದ ಮೇಲೆ ಪ್ರತಿವರ್ಷ ಪರೀಕ್ಷಿಸಬೇಕೆಂದೂ, ನೋಡಲು ಚೆನ್ನಾಗಿದ್ದರೂ ಹತ್ತು ವರ್ಷ ಮೀರಿಸಬಾರದೆಂದೂ ಹಲವು ತಯಾರಕರು ಹೇಳುವರು. ಬೇಸಿಗೆಯಲ್ಲಿ ಉಷ್ಣವು ನಲವತ್ತು ಅಂಶ ಮುಟ್ಟುವ ಈ ನಾಡಿನಲ್ಲಿ ಆ ಪರೀಕ್ಷೆಯನ್ನು ಅಲಕ್ಷಿಸಬಾರದು. ಆದರೆ ಸಾಹುಕಾರರ ಟೈರಿಗೆ ಮೂರೇ ವರ್ಷ, ವಯಸ್ಸಿನ ದೋಷವಿರಲಿಲ್ಲ.

ಇನ್ನು ಸವೆತ. ಕಾರಿನ ಟೈರಿನ ಗೆರೆಗಳ ಆಳವು ೧.೬ ಮಿಲಿಮೀಟರಿಗಿಂತ ಕಡಿಮೆಯಾಗಬಾರದೆಂಬುದು ನಮ್ಮ ದೇಶದ ನಿಯಮ. ಗೆರೆಗಳ ತಳದಲ್ಲಿ ಅಷ್ಟೇ ಎತ್ತರದ ಸಣ್ಣ ದಿಬ್ಬಗಳಿರುವವು. ಮೈಯೆಲ್ಲ ಸವೆದು ಅವುಗಳ ಮಟ್ಟಕ್ಕೆ ಬಂದರೆ ಟೈರಿನ ಕಾಲ ತೀರಿತು. ಆದರೆ ನಿಯಮವು ಹಾಕಿದುದು ಕಟ್ಟಕಡೆಯ ಗಡಿಯೇ ಹೊರತು ಕ್ಷೇಮದ ಗಡಿಯಲ್ಲ. ಗೆರೆಗಳು ಇರುವದೇ ರಸ್ತೆಯ ಮೇಲಿನ ನೀರನ್ನು ಹೊರದೂಡುವದಕ್ಕೆ. ಆಳವು ಕಡಿಮೆಯಾದಂತೆ ನೀರು ಟೈರಿನ ಕೆಳಗೇ ಉಳಿದು, ಕಾರು ನೆಲವನ್ನು ಬಿಟ್ಟು ನೀರಿನ ಮೇಲೆ ಜಾರುವದು. ಬ್ರೇಕು ಒತ್ತಿದರೂ ನಿಲ್ಲಲು ಹೆಚ್ಚು ದೂರ ಬೇಕಾಗುವದು. ಈ ಕಾರಣದಿಂದ ಮಳೆಯ ದಾರಿಗೆ ಮೂರು ಮಿಲಿಮೀಟರಿಗೇ ಟೈರು ಬದಲಿಸುವದು ಲೇಸೆಂದು ಬಲ್ಲವರ ಅಭಿಪ್ರಾಯ. ಸಾಹುಕಾರರು ಅಳೆದಾಗ ಮುಂದಿನ ಬಲಗಾಲಿಯದು ಮೂರು, ಹಿಂದಿನವೆರಡರದು ನಾಲ್ಕೂವರೆ ಮಿಲಿಮೀಟರು ಬಂದಿತು. ಮಳೆಗಾಲ ಆಗ ತಾನೇ ಮೊದಲಾಗಿದ್ದಿತು; ಈ ಭಾಗದಲ್ಲಿ ಜೋರಿನ ಮಳೆಯೆಲ್ಲ ಮುಂದೆ ಸಪ್ಟೆಂಬರಕ್ಕೆ.

ಈ ನಡುವೆ ನೆರೆಯ ಅಂಗಡಿಯ ಗೆಳೆಯರೊಬ್ಬರು ಇನ್ನೊಂದು ದಾರಿ ತೋರಿಸಿದರು. ಸಾಮಾನ್ಯ ಟೈರು ಹಾಕಿಸಿದರೆ ಬೆಲೆ ಕಡಿಮೆ. ಪಕ್ಕ ಮೆತ್ತಗಿರುವದರಿಂದ ಕುಳಿತವರಿಗೆ ದಣಿವೂ ಕಡಿಮೆ. ಮಾತು ಸುಳ್ಳಲ್ಲ. ಊರೊಳಗೆ ಓಡಾಡಿ, ತಪ್ಪಿದರೆ ತಿಕೋಟೆಯ ದ್ರಾಕ್ಷಿಯ ತೋಟಕ್ಕೋ ಬಬಲೇಶ್ವರದ ಬೀಗರ ಮನೆಗೋ ಹೋಗಿ ಹಗಲಿನಲ್ಲಿಯೇ ತಿರುಗುವವನು, ಹೆಚ್ಚಿನ ಗಾಲಿಯೊಂದನ್ನು ಸಂಗಡ ಇಟ್ಟುಕೊಂಡು, ನಾಲ್ಕನ್ನೂ ಸಾಮಾನ್ಯ ಟೈರಿಗೆ ಬದಲಿಸಿದರೆ ಅವನನ್ನು ತಪ್ಪೆನ್ನಲಾಗದು. ಎರಡು ಇದು, ಎರಡು ಅದು ಎಂದು ಬೆರಸುವದು ಮಾತ್ರ ಸಲ್ಲದು. ಬಿಗಿ ಬೇರೆಯಾದ ಗಾಲಿಗಳು ತಿರುವಿನಲ್ಲಿ ಬೇರೆ ಬೇರೆಯಾಗಿ ವರ್ತಿಸುವವು. ಸಾಹುಕಾರರ ದಾರಿಯಾದರೋ ರಾತ್ರಿಯದು, ಅವರ ಸಂಗಡ ಇರುವ ಜೀವವು ನಾಜೂಕಿನದು. ಅವರಿಗೆ ರನ್‌ಫ್ಲ್ಯಾಟೇ ಸರಿಯೆನಿಸಿತು.

ಆದರೂ ಇನ್ನೂ ಓಡಬಲ್ಲ, ನಿಯಮಕ್ಕೂ ಒಪ್ಪುವ ಟೈರನ್ನು ತೆಗೆದೊಗೆಯುವದಕ್ಕೆ ಅವರ ಮನಸ್ಸು ಒಪ್ಪದಾಯಿತು. ಬರಗಾಲದ ಸೀಮೆಯಲ್ಲಿ ಬೆಳೆದವರಿಗೆ ಒಗೆಯುವದೆಂದರೆ ಪಾಪ. ತಮ್ಮ ಅಂಗಡಿಯಿರುವ ಚೌಕದ ಹೆಸರೇ ಮಿತವ್ಯಯದ ಪಾಠವಾಗಿರುವಾಗ, ಬೆರಳುದ್ದದ ಪೆನ್ಸಿಲ್ಲಿನ ತುಂಡನ್ನೂ ಗಾಂಧೀಜಿಯವರು ಜೋಪಾನ ಮಾಡುತ್ತಿದ್ದರೆಂಬ ಮಾತು ಅವರ ನೆನಪಿಗೆ ಬರದೆ ಇರಲಿಲ್ಲ. ಆದರೆ ವಿಚಾರ ಮಾಡಿದಂತೆ ಒಂದು ಭೇದವು ಹೊಳೆಯಿತು. ಪೆನ್ಸಿಲ್ಲನ್ನು ಕಡೆಯ ವರೆಗೆ ಸವೆಸಿದರೆ ನೋಯುವದು ಬರೆಯುವವನ ಬೆರಳು ಮಾತ್ರ. ಟೈರನ್ನು ಕಡೆಯ ವರೆಗೆ ಸವೆಸಿದರೆ ಅದರ ಬೆಲೆಯನ್ನು ತೆರುವವರು ಹಿಂದಿನ ಆಸನದಲ್ಲಿ ಕುಳಿತವರು, ಎದುರಿನಿಂದ ಬರುವವರು, ದಾರಿ ದಾಟುವವರು. ತನ್ನ ಸೌಖ್ಯವನ್ನು ಕಡಿತ ಮಾಡುವದು ಮಿತವ್ಯಯ; ಪರರ ಕ್ಷೇಮವನ್ನು ಕಡಿತ ಮಾಡುವದಕ್ಕೆ ಆ ಹೆಸರು ಸಲ್ಲದು.

ಇದಕ್ಕಿಂತಲೂ ಆಳವಾದ ಮಾತೊಂದು ಅವರ ಮನಸ್ಸಿನಲ್ಲಿದ್ದಿತು. ಅದನ್ನು ಅವರು ಯಾರ ಮುಂದೆಯೂ ಹೆಚ್ಚಾಗಿ ಆಡಲಿಲ್ಲ. ತಾಯಿಯ ಬೇನೆಯನ್ನು ಮೊದಲ ಸಲ ಪರೀಕ್ಷಿಸಿದಾಗ, ಒಂದು ವರ್ಷ ಮೊದಲೇ ಬಂದಿದ್ದರೆ ಉಪಚಾರವು ಹಗುರಾಗುತ್ತಿತ್ತೆಂದು ವೈದ್ಯರು ಹೇಳಿದ್ದರು. ಆ ಒಂದು ವರ್ಷವೆಲ್ಲ ಆಕೆ ನಸುಕಿನಲ್ಲೆದ್ದು, ರೊಟ್ಟಿ ಬಡಿದು, ಮೊಮ್ಮಕ್ಕಳಿಗೆ ಉಣಿಸಿ, ಸಂಕ್ರಮಣದ ಸಿದ್ಧೇಶ್ವರ ಜಾತ್ರೆಗೂ ನಡೆದು ಹೋಗಿ ಬಂದಿದ್ದಳು. ಯಾಕವ್ವಾ ಸೊರಗಿದೆಯೆಂದು ಕೇಳಿದರೆ, “ನನಗೇನಾಗೇದೋ ತಮ್ಮಾ, ಗಟ್ಟಿ ಅದೀನಿ” ಎಂಬುದೊಂದೇ ಉತ್ತರ. ಮನೆಯವರು ಆ ಉತ್ತರವನ್ನು ನಂಬಿದರು, ನಂಬುವದು ಅನುಕೂಲವಾಗಿದ್ದಿತು. ದುಂಡಗೆ ನಿಂತ ಗಾಲಿಯನ್ನೂ ಮಿಸ್ತ್ರಿಯ ಅಂಗೈಯ ಮೇಲಿನ ಕರಿಯ ಹಿಟ್ಟನ್ನೂ ಕಂಡ ದಿನ, ಆ ವರ್ಷವು ಅವರ ಕಣ್ಣ ಮುಂದೆ ಬಂದು ನಿಂತಿತು. ಹೊರುವದು ದೊಡ್ಡ ಗುಣವೇ ಸರಿ. ಆದರೆ ಹೊತ್ತವರು ಹೇಳಲಿಲ್ಲವೆಂಬ ಮಾತ್ರಕ್ಕೆ ಹೊರಿಸಿದವರ ಹೊಣೆ ತೀರುವದಿಲ್ಲ. ಹೇಳದವರನ್ನು ವೇಳೆವೇಳೆಗೆ ಕೇಳಿ, ಮುಟ್ಟಿ, ಅಳೆದು ನೋಡುವದೇ ಅವರಿಗೆ ಸಲ್ಲಿಸುವ ಕೃತಜ್ಞತೆ.

ನಿರ್ಣಯವಾಯಿತು. ಒಂದಲ್ಲ, ನಾಲ್ಕೂ ಅಲ್ಲ. ಎರಡು ಟೈರುಗಳನ್ನು ಕೊಂಡರು. ನಾಲ್ಕು ಗಾಲಿಗಳಿಗೂ ಎಂಜಿನ್ನಿನ ಬಲ ಹೋಗುವ ಕಾರಾಗಿದ್ದರೆ ಸವೆತದ ಭೇದವು ಅದರ ಹಲ್ಲುಗಾಲಿಗಳಿಗೆ ಬಾಧಕವಾಗುತ್ತಿದ್ದಿತು, ಇವರದು ಅಂತಹದಾಗಿರಲಿಲ್ಲ. ನಾಲ್ಕೂ ಒಂದೇ ಅಳತೆಯವಾದುದರಿಂದ, ನಾಲ್ಕೂವರೆ ಮಿಲಿಮೀಟರಿನ ಹಿಂದಿನ ಜೋಡಿಯನ್ನು ಮುಂದಕ್ಕೆ ತಂದು, ಹೊಸ ಜೋಡಿಯನ್ನು ಹಿಂದೆ ಹಾಕಿಸಿದರು. ಹೊಸದು ಮುಂದೆಯೇ ಇರಬೇಕೆಂಬುದು ಬಹುಜನರ ತಿಳಿವಳಿಕೆ. ಆದರೆ ಒದ್ದೆಯ ದಾರಿಯಲ್ಲಿ ಹಿಂದಿನ ಗಾಲಿ ಹಿಡಿತ ಬಿಟ್ಟರೆ ಕಾರು ತಿರುಗಿ ಅಡ್ಡಬೀಳುವದನ್ನು ತಡೆಯುವದು ಬಹು ಕಷ್ಟವಾದುದರಿಂದ ಒಳ್ಳೆಯ ಜೋಡಿ ಹಿಂದೆ ಇರುವದೇ ಸರಿ. ಅರ್ಧ ಹಣ ಉಳಿಯಿತು, ಕ್ಷೇಮದಲ್ಲಿ ಕೊರತೆಯಾಗಲಿಲ್ಲ. ಅಂಗಡಿಯ ಮುಂಭಾಗಕ್ಕೆ ಬಣ್ಣ ಬಳಿಸುವ ಮಾತು ಮುಂದಿನ ವರ್ಷಕ್ಕೆ ಹೋಯಿತು.

ಆ ರಾತ್ರಿ ಸಾಹುಕಾರರು ಕಿರ್ದಿಯ ಕಡೆಯ ಹಾಳೆಯ ಮೇಲೆ ನಾಲ್ಕು ಸಾಲು ಬರೆದಿಟ್ಟರು: ತಿಂಗಳಿಗೊಮ್ಮೆ ಗಾಲಿ ತಣ್ಣಗಿದ್ದಾಗ ಗಾಳಿ ನೋಡತಕ್ಕದ್ದು, ಮಳೆಗಾಲಕ್ಕೆ ಮುಂಚೆ ಗೆರೆ ಅಳೆದು, ಮೂರು ಮಿಲಿಮೀಟರು ಬಂದರೆ ಬದಲಿಸತಕ್ಕದ್ದು, ಗಾಳಿಯಿಲ್ಲದೆ ಓಡಿದ ಟೈರನ್ನು ಮತ್ತೆ ನಂಬತಕ್ಕದ್ದಲ್ಲ, ಅವ್ವನನ್ನು ಬೇನೆ ಇರಲಿ ಇಲ್ಲದಿರಲಿ ವೈದ್ಯರು ಹೇಳಿದ ದಿನಕ್ಕೆ ತಪ್ಪದೆ ಕರೆದೊಯ್ಯತಕ್ಕದ್ದು. ಬರೆದ ಮೇಲೆ ಶಾಯಿ ಆರುವ ವರೆಗೆ ಕಾದು, ಪುಸ್ತಕವನ್ನು ಮುಚ್ಚಿದರು.