ಪ್ರೋಗ್ರಾಂ ಬರೆದವನೂ ದೇವರೂ

ನಾವಿರುವ ಈ ಜಗತ್ತೇ ಯಾರೋ ಓಡಿಸುತ್ತಿರುವ ಕಂಪ್ಯೂಟರ್ ಪ್ರೋಗ್ರಾಂ ಇರಬಹುದು ಎಂಬ ಮಾತನ್ನು ನೀವೂ ಕೇಳಿರುತ್ತೀರಿ. ನಿಕ್ ಬಾಸ್ಟ್ರಮ್ ಎಂಬ ತತ್ತ್ವಶಾಸ್ತ್ರಜ್ಞ 2003ರಲ್ಲಿ ಇದನ್ನೊಂದು ಸಾಧ್ಯತೆಯಾಗಿ ಮಂಡಿಸಿದ ಮೇಲೆ ನಮ್ಮ ಐ.ಟಿ. ಮಂದಿಗೆ ಇದೇ ಚಹಾದ ಹೊತ್ತಿನ ವೇದಾಂತ. ಪುಣೆಯ ನಮ್ಮ ಆಫೀಸಿನ ಹುಡುಗನೊಬ್ಬ ಕೇಳುತ್ತಾನೆ: "ಲೋಕ ಮಾಡಿದವನು, ನಿಯಮ ಹಾಕಿದವನು, ಹೊರಗಿದ್ದು ನೋಡುವವನು. ದೇವರಿಗೂ ಪ್ರೋಗ್ರಾಮರ್‌ಗೂ ಏನು ವ್ಯತ್ಯಾಸ ಸರ್?"

ನನ್ನ ಹೊಟ್ಟೆಪಾಡೇ ಸಿಮ್ಯುಲೇಷನ್. ರಸ್ತೆ, ಸಿಗ್ನಲ್, ಸಾವಿರಾರು ಗಾಡಿ, ಎಲ್ಲ ಪರದೆಯ ಮೇಲೆ. ಫಲ ಮೊದಲೇ ಗೊತ್ತಿದ್ದರೆ ಯಾರೂ ಅದನ್ನು ಓಡಿಸುವುದಿಲ್ಲ. ಗೊತ್ತಿಲ್ಲದ್ದಕ್ಕೇ ಓಡಿಸುವುದು. ಎಲ್ಲ ಬಲ್ಲ ದೇವರಿಗೆ ಇದರ ಅಗತ್ಯವೇನು?

ಗಣಿತಜ್ಞ ಜಾನ್ ಕಾನ್ವೇ ಮಾಡಿದ 'ಗೇಮ್ ಆಫ್ ಲೈಫ್' 1970ರಲ್ಲಿ ಪ್ರಕಟವಾಯಿತು. ಚೌಕಳಿ ಹಾಳೆ, ಪ್ರತಿ ಮನೆಗೆ ಎಂಟು ನೆರೆಮನೆ. ಜೀವವಿರುವ ಮನೆಗೆ ಜೀವವಿರುವ ನೆರೆ ಎರಡೋ ಮೂರೋ ಇದ್ದರೆ ಅದು ಉಳಿಯುತ್ತದೆ, ಇಲ್ಲದಿದ್ದರೆ ಸಾಯುತ್ತದೆ. ಖಾಲಿ ಮನೆಗೆ ಅಂಥ ನೆರೆ ಸರಿಯಾಗಿ ಮೂರಿದ್ದರೆ ಅಲ್ಲಿ ಹೊಸ ಜೀವ. ಅಷ್ಟೇ ನಿಯಮ. ಇಲ್ಲಿ ಯಾವ ವಿನ್ಯಾಸವೂ ಕೊನೆಯಿಲ್ಲದೆ ಬೆಳೆಯಲಾರದು ಎಂದು ಊಹಿಸಿದ ಕಾನ್ವೇ, ಹೌದೋ ಅಲ್ಲವೋ ತೋರಿಸಿದವರಿಗೆ 50 ಡಾಲರ್ ಕೊಡುವುದಾಗಿ ಹೇಳಿದ. ಅದೇ ವರ್ಷ ಬಿಲ್ ಗಾಸ್ಪರ್ ಮತ್ತು ಸಂಗಡಿಗರು ಬೆಳೆಯುತ್ತಲೇ ಹೋಗುವ ವಿನ್ಯಾಸ ಕಂಡುಹಿಡಿದರು. ನಿಯಮ ಮಾಡಿದವನಿಗೇ ತನ್ನ ಲೋಕ ಪೂರ್ತಿ ತಿಳಿದಿರಲಿಲ್ಲ!

ಏನೂ ಬೇಕಿಲ್ಲದವನು ಸೃಷ್ಟಿ ಮಾಡಿದ್ದೇಕೆ ಎಂಬ ಪ್ರಶ್ನೆಗೆ ಬ್ರಹ್ಮಸೂತ್ರದ ಉತ್ತರ ಲೀಲೆ. ಅದರ ಬೆನ್ನಿಗೇ ಇನ್ನೊಂದು ಆಕ್ಷೇಪ ಬರುತ್ತದೆ: ಒಬ್ಬನಿಗೆ ಸುಖ, ಒಬ್ಬನಿಗೆ ದುಃಖ ಕೊಟ್ಟವನು ಪಕ್ಷಪಾತಿಯಲ್ಲವೇ, ನಿರ್ದಯಿಯಲ್ಲವೇ? ಕರ್ಮದಿಂದ ಹಾಗೆ ಎಂಬ ಸಮಾಧಾನ ನನಗಂತೂ ಪೂರ್ತಿ ಒಪ್ಪಿಗೆಯಿಲ್ಲ. ಆದರೆ ಕೇಳುವ ಹಕ್ಕಂತೂ ಇದೆ. ಪ್ರೋಗ್ರಾಮರ್ ದಯಾಳು ಎಂದು ಯಾರು ಹೇಳಿದ್ದಾರೆ, ಅವನನ್ನು ಕೇಳಲು?

ಹೋದ ವರ್ಷ ನನ್ನ ತಮ್ಮ ತೀರಿಕೊಂಡ. 41 ವಯಸ್ಸು. ಅವ್ವ ಮೂರು ತಿಂಗಳು ದೇವರಿಗೆ ದೀಪ ಹಚ್ಚಲಿಲ್ಲ. ವಿಠ್ಠಲನ ಪಟದೆದುರು ನಿಂತು, "ನಿನಗ ಕಣ್ಣ ಇಲ್ಲೇನು? ನನ್ನ ಒಯ್ಯಬೇಕಿತ್ತು" ಎಂದು ಬೈಯುತ್ತಿದ್ದಳು. ಆಫೀಸಿನ ಹುಡುಗ ನನ್ನ ಸಮಾಧಾನಕ್ಕೆಂದು, "ಎಲ್ಲ ಬರೀ ಡೇಟಾ ಸರ್, ಯಾರೂ ನಿಜಕ್ಕೂ ಹೋಗುವುದಿಲ್ಲ" ಎಂದ. ಒಳ್ಳೆಯ ಮನಸ್ಸಿನವನು, ಸಿಟ್ಟು ಬರಲಿಲ್ಲ. ಆದರೆ ನನ್ನ ಪರದೆ ನೆನಪಾಯಿತು. ಅಲ್ಲಿ ಒಂದು ಗಾಡಿ 300 ಸೆಕೆಂಡು ಸಿಕ್ಕಿಕೊಂಡಿದ್ದರೆ ಪ್ರೋಗ್ರಾಂ ತಾನೇ ಅದನ್ನು ಎತ್ತಿಬಿಡುತ್ತದೆ. ಯಾವ ಗಾಡಿ ಎಂದು ನಾನು ನೋಡುವುದಿಲ್ಲ. ನನಗೆ ಬೇಕಾದದ್ದು ಕೊನೆಯ ಸರಾಸರಿ.

ಅಂಥವನೆದುರು ಅವ್ವ ನಿಂತು ಏನೆಂದು ಬೈದಾಳು? ಬೈಸಿಕೊಳ್ಳುವವನಿಗೆ ನನ್ನ ತಮ್ಮನ ಹೆಸರಾದರೂ ಗೊತ್ತಿರಬೇಕಲ್ಲ.