ಪತ್ರಿಕೆಗಳ ಊರಿನಲ್ಲಿ ಒಂದು ಸುತ್ತು

ಮೈಸೂರಿಗೆ ಬಂದವರು ಅರಮನೆ, ಮೃಗಾಲಯ, ಚಾಮುಂಡಿ ಬೆಟ್ಟ ನೋಡಿಕೊಂಡು ಬಸ್ಸು ಹತ್ತುತ್ತಾರೆ. ಆದರೆ ಇದು ಪತ್ರಿಕೆಗಳ ಊರು ಕೂಡ. 1859ರಲ್ಲಿ ಭಾಷ್ಯಂ ಭಾಷ್ಯಾಚಾರ್ಯರು ‘ಮೈಸೂರು ವೃತ್ತಾಂತ ಬೋಧಿನಿ’ ಹೊರಡಿಸಿದಂದಿನಿಂದ ಇಲ್ಲಿ ಅಚ್ಚಿನ ಶಾಯಿಯ ವಾಸನೆ ಆರಿಲ್ಲ. ಪತ್ರಕರ್ತರಾಗಬೇಕೆನ್ನುವ ಮಕ್ಕಳನ್ನು ಕರೆದುಕೊಂಡು ತಂದೆತಾಯಂದಿರು ಒಮ್ಮೆ ಈ ದಾರಿಯಲ್ಲಿ ಸುತ್ತಿ ಬರುವುದು ಒಳ್ಳೆಯದು.

ಸೀತಾವಿಲಾಸ ರಸ್ತೆಯ ಮರಿಮಲ್ಲಪ್ಪ ಶಾಲೆಯಿಂದಲೇ ಹೊರಡಬಹುದು. ಅಲ್ಲಿ ಮುಖ್ಯೋಪಾಧ್ಯಾಯರಾಗಿದ್ದ ಎಂ. ವೆಂಕಟಕೃಷ್ಣಯ್ಯನವರನ್ನು ಊರು ಪ್ರೀತಿಯಿಂದ ‘ತಾತಯ್ಯ’ ಎಂದು ಕರೆಯಿತು. ಮಕ್ಕಳಿಗೆ ಪಾಠ ಹೇಳುತ್ತಲೇ ‘ವೃತ್ತಾಂತ ಚಿಂತಾಮಣಿ’, ‘ಸಾಧ್ವಿ’ ಮೊದಲಾದ ಪತ್ರಿಕೆಗಳನ್ನು ನಡೆಸಿದ ಹಿರಿಯರು ಅವರು. 1908ರಲ್ಲಿ ಸಂಸ್ಥಾನದ ಸರ್ಕಾರ ಪತ್ರಿಕೆಗಳ ಬಾಯಿಗೆ ಬೀಗ ಹಾಕುವ ಕಾಯ್ದೆ ತಂದಾಗ, ಅದಕ್ಕೆ ತಲೆಬಾಗುವ ಬದಲು ಪತ್ರಿಕೆಗಳನ್ನೇ ನಿಲ್ಲಿಸಿ ಪ್ರತಿಭಟಿಸಿದರು. ಆ ಕಾಲದಲ್ಲಿ ಪತ್ರಿಕೆ ನಿಲ್ಲಬೇಕಾದರೆ ಒಂದು ಕಾಯ್ದೆ ಬೇಕಾಗುತ್ತಿತ್ತು. ಈಗ ಅದೂ ಬೇಕಿಲ್ಲ.

ಅಲ್ಲಿಂದ ಮಹಾರಾಜ ಕಾಲೇಜು. 1951ರಲ್ಲಿ ಇಲ್ಲಿ ಪತ್ರಿಕೋದ್ಯಮ ತರಗತಿಗಳು ಆರಂಭವಾದವು; ನಾಡಿಗ ಕೃಷ್ಣಮೂರ್ತಿಯವರು ಅದನ್ನು ಕಟ್ಟಿ ಬೆಳೆಸಿದರು. ಸ್ನಾತಕೋತ್ತರ ವಿಭಾಗ ಮುಂದೆ ಮಾನಸಗಂಗೋತ್ರಿಗೆ ಹೋಯಿತು. ಆದರೆ ಇಲ್ಲಿನ ವಿದ್ಯಾರ್ಥಿಗಳಿಗೆ ಎರಡನೆಯ ಶಾಲೆಯೊಂದು ಊರೊಳಗೇ ಇತ್ತು. ಅದು ಸ್ಥಳೀಯ ಪತ್ರಿಕೆಗಳ ಕಚೇರಿ. 1972ರಲ್ಲಿ ಧಾರವಾಡದಲ್ಲಿ ರಾಜಶೇಖರ ಕೋಟಿಯವರು ಆರಂಭಿಸಿ ಮೈಸೂರಿಗೆ ತಂದ ‘ಆಂದೋಲನ’, 1978ರಲ್ಲಿ ಕೆ.ಬಿ. ಗಣಪತಿಯವರು ಆರಂಭಿಸಿದ ಇಂಗ್ಲಿಷ್ ಸಂಜೆ ಪತ್ರಿಕೆ ‘ಸ್ಟಾರ್ ಆಫ್ ಮೈಸೂರ್’, ಹೀಗೆ.

ಊರಿನ ಪತ್ರಿಕೆಯಲ್ಲಿ ಕಲಿಯುವ ರೀತಿಯೇ ಬೇರೆ. ಹೊಸ ಹುಡುಗನನ್ನು ಮೊದಲು ಕಳಿಸುವುದು ಪೊಲೀಸ್ ಠಾಣೆಗೆ, ಆಸ್ಪತ್ರೆಯ ಶವಾಗಾರಕ್ಕೆ, ಪಾಲಿಕೆಯ ಸಭೆಗೆ. ಸತ್ತವರ ವಯಸ್ಸು ತಪ್ಪಾದರೆ, ತಂದೆಯ ಹೆಸರು ಅದಲುಬದಲಾದರೆ, ಮರುದಿನ ಬೆಳಿಗ್ಗೆ ಆ ಮನೆಯವರೇ ಕಚೇರಿ ಬಾಗಿಲಿಗೆ ಬಂದು ನಿಲ್ಲುತ್ತಾರೆ. ಪಾಲಿಕೆ ಸದಸ್ಯನ ವಿರುದ್ಧ ಬರೆದವರು ಅದೇ ಸದಸ್ಯನನ್ನು ಸಂಜೆ ಹೋಟೆಲಿನಲ್ಲಿ ಎದುರಿಸಬೇಕು. ದೂರದ ರಾಜಧಾನಿಯಲ್ಲಿ ಕೂತು ಬರೆಯುವವರಿಗೆ ಈ ಭಯವೂ ಇಲ್ಲ, ಈ ಎಚ್ಚರವೂ ಇಲ್ಲ. ಯಾವ ಪಠ್ಯಪುಸ್ತಕವೂ ಇದನ್ನು ಕಲಿಸಲಾರದು.

ಈಗ ಸೊರಗುತ್ತಿರುವುದು ಈ ಎರಡನೆಯ ಶಾಲೆ. ಪತ್ರಿಕೆಯ ಮುಖಬೆಲೆಯಿಂದ ಕಾಗದದ ಖರ್ಚೂ ಹುಟ್ಟುವುದಿಲ್ಲ, ಬದುಕು ಜಾಹೀರಾತಿನದು. ಮನೆ ಬಾಡಿಗೆಗಿದೆ, ಟ್ಯೂಷನ್ ಹೇಳಲಾಗುವುದು ಎಂಬ ಸಣ್ಣ ಜಾಹೀರಾತುಗಳು ಮೊಬೈಲಿಗೆ ಹೋದವು. ಶ್ರದ್ಧಾಂಜಲಿಗಳು ಕೂಡ ವಾಟ್ಸ್ಆಪ್ ಸೇರಿದವು. 2020ರ ಲಾಕ್‌ಡೌನಿನಲ್ಲಿ ಸೀರೆ ಅಂಗಡಿ, ಒಡವೆ ಅಂಗಡಿ ಮುಚ್ಚಿದಾಗ ಉಳಿದದ್ದೂ ನಿಂತಿತು. 2022ರಲ್ಲಿ ಉಕ್ರೇನ್ ಯುದ್ಧ ಆರಂಭವಾಗಿ ಆಮದು ಕಾಗದದ ಬೆಲೆ ಏರಿತು. ಸರ್ಕಾರಿ ಜಾಹೀರಾತಿನ ಹಣ ತಡವಾಗಿ ಬರುವುದಂತೂ ಹಳೆಯ ಕಥೆ. ಸಣ್ಣ ಪತ್ರಿಕೆ ಒಂದೇ ದಿನ ಬಾಗಿಲು ಹಾಕುವುದಿಲ್ಲ. ಮೊದಲು ಪುಟ ಕಡಿಮೆಯಾಗುತ್ತದೆ, ನಿವೃತ್ತರಾದ ವರದಿಗಾರರ ಕುರ್ಚಿ ಖಾಲಿ ಉಳಿಯುತ್ತದೆ, ಕೊನೆಗೆ ಒಬ್ಬರೇ ಎರಡು ಮೂರು ತಾಲ್ಲೂಕು ನೋಡಿಕೊಳ್ಳಬೇಕಾಗುತ್ತದೆ.

ರಾಮಚಂದ್ರ ಅಗ್ರಹಾರದ ‘ಸುಧರ್ಮಾ’ದ್ದು ಬೇರೆಯೇ ದಾರಿ. ವರದರಾಜ ಅಯ್ಯಂಗಾರ್ಯರು 1970ರಲ್ಲಿ ಆರಂಭಿಸಿದ ಈ ಸಂಸ್ಕೃತ ದಿನಪತ್ರಿಕೆ ಬಹುಪಾಲು ಅಂಚೆಯಲ್ಲೇ ಓದುಗರ ಮನೆ ತಲುಪುತ್ತಾ ಬಂತು. ಅದನ್ನು ನಡೆಸಿದ ಸಂಪತ್‌ಕುಮಾರ್ ಮತ್ತು ಜಯಲಕ್ಷ್ಮಿ ದಂಪತಿಗೆ 2020ರಲ್ಲಿ ಪದ್ಮಶ್ರೀ ಸಂದಿತು. ಇದು ಹಟದಿಂದ ನಡೆದ ಪತ್ರಿಕೆ. ಹಟವನ್ನು ನಂಬಿ ಮಗಳನ್ನು ಕೋರ್ಸಿಗೆ ಸೇರಿಸಿ ಎಂದು ಯಾವ ತಂದೆಗೂ ಹೇಳಲಾಗದು.

“ಇದರಿಂದ ಹೊಟ್ಟೆ ತುಂಬುತ್ತದೆಯೇ?” ಎಂದು ಪಾಲಕರು ಕೇಳಿದರೆ ಅದು ಸಣ್ಣತನವಲ್ಲ. ಮೊದಲ ಕೆಲವು ವರ್ಷ ಸಂಬಳ ಕಡಿಮೆಯೇ. ಅದನ್ನು ಮುಚ್ಚಿಟ್ಟು ಪ್ರವೇಶ ಕೊಡುವ ಕಾಲೇಜುಗಳ ಬಗ್ಗೆ ಎಚ್ಚರವಿರಲಿ. ಪತ್ರಿಕೋದ್ಯಮದ ಪದವಿಯೊಂದನ್ನೇ ನೆಚ್ಚದೆ ಕಾನೂನು, ಲೆಕ್ಕಪತ್ರ, ಅಂಕಿಅಂಶ ಯಾವುದಾದರೂ ಒಂದನ್ನು ಚೆನ್ನಾಗಿ ಕಲಿತವರಿಗೆ ದಾರಿ ಅಷ್ಟು ಬೇಗ ಮುಚ್ಚುವುದಿಲ್ಲ. ಪಾಲಿಕೆಯ ಬಜೆಟ್ ಓದಬಲ್ಲ ವರದಿಗಾರರು ಹಿಂದೆಯೂ ಕಡಿಮೆ, ಈಗಲೂ ಕಡಿಮೆ.

ಅಭ್ಯಾಸಕ್ಕೆ ಕೆಲಸ ಸಿಗುವವರೆಗೆ ಕಾಯಬೇಕಾಗಿಯೂ ಇಲ್ಲ. 2005ರ ಮಾಹಿತಿ ಹಕ್ಕು ಕಾಯ್ದೆಯ ಪ್ರಕಾರ 10 ರೂಪಾಯಿ ಶುಲ್ಕ ಕಟ್ಟಿ ಯಾವ ವಿದ್ಯಾರ್ಥಿಯೂ ತನ್ನ ಬೀದಿಯ ರಸ್ತೆ ಕಾಮಗಾರಿಯ ಲೆಕ್ಕ ಕೇಳಬಹುದು; ಸಾಮಾನ್ಯವಾಗಿ 30 ದಿನದೊಳಗೆ ಉತ್ತರ ಕೊಡಬೇಕು. ಮಹಾರಾಜ ಕಾಲೇಜಿನಿಂದ ನಡೆದೇ ಹೋಗುವಷ್ಟು ದೂರದಲ್ಲಿ ನ್ಯಾಯಾಲಯಗಳಿವೆ. ಬಹಿರಂಗ ವಿಚಾರಣೆ ನಡೆಯುವಾಗ ಹಿಂದಿನ ಬೆಂಚಿನಲ್ಲಿ ಕೂರಲು ಪತ್ರಕರ್ತರ ಗುರುತಿನ ಚೀಟಿ ಬೇಕಿಲ್ಲ. ಮೊಬೈಲ್ ಬಂದ್ ಮಾಡಿ, ಒಂದು ನೋಟ್‌ಬುಕ್ ಹಿಡಿದುಕೊಂಡು ಹೋದರೆ ಸಾಕು.